ಮೊದಲು ದೊಡ್ಡ ಮುಳ್ಳನ್ನು ತೆಗೆದಿಡಿ

ಕುಶಾಲನಗರದ ತಂಗಿಯೊಬ್ಬರು ನಿನ್ನೆ ಗುಂಪಿನಲ್ಲಿ ಕೇಳಿದ್ದರು: ಮಗಳಿಗೆ ಆರೂವರೆ ವರ್ಷ, ನೂರರವರೆಗೆ ಎಣಿಸುತ್ತಾಳೆ, ಮೊಬೈಲಿನಲ್ಲಿ ಟೈಮ್ ಓದುತ್ತಾಳೆ, ಗೋಡೆ ಗಡಿಯಾರ ಮಾತ್ರ ತಲೆಗೆ ಹತ್ತುತ್ತಿಲ್ಲ. 7.50 ಆಗಿದ್ದರೆ 8.50 ಅನ್ನುತ್ತಾಳೆ, ಗದರಿದರೆ ಅಳುತ್ತಾಳೆ, ಕೈಯಿಂದ ಮಾಡಿ ಕಲಿಸುವಂಥದ್ದು ಏನಾದರೂ ಇದೆಯಾ ಅಂತ. ನಾನು ಸೋಮವಾರಪೇಟೆ ಕಡೆ ಒಂದರಿಂದ ಮೂರನೇ ತರಗತಿಯ ಮಕ್ಕಳಿಗೆ ಬಹಳ ವರ್ಷ ಪಾಠ ಮಾಡಿದವಳು. ಸ್ವಲ್ಪ ಉದ್ದವಾದರೂ ಪೂರ್ತಿ ಓದಿ.

ಮೊದಲನೆಯದಾಗಿ, ಗದರಬೇಡಿ. 7.50ಕ್ಕೆ ಚಿಕ್ಕ ಮುಳ್ಳು 8ಕ್ಕೆ ತಾಗಿಕೊಂಡೇ ಇರುತ್ತದೆ, ನೀವೇ ನೋಡಿ. ಮಗು ತನಗೆ ಕಂಡದ್ದನ್ನೇ ಓದಿದೆ. ಎರಡೂ ಮುಳ್ಳನ್ನು ಒಂದೇ ದಿನ ಮುಂದಿಟ್ಟು ಕಲಿಸಲು ಹೊರಟರೆ ಹೀಗಾಗುತ್ತದೆ. ಶುರುವಿನ ವರ್ಷಗಳಲ್ಲಿ ನಾನೂ ಹಾಗೇ ಕಲಿಸುತ್ತಿದ್ದೆ, ಅರ್ಧ ತರಗತಿ ಇದೇ ತಪ್ಪು ಮಾಡುತ್ತಿತ್ತು.

ಮನೆಯಲ್ಲಿ ಸೆಲ್ ಹಾಕುವ ಹಳೇ ಗೋಡೆ ಗಡಿಯಾರ ಇದ್ದರೆ ಗಾಜು ಬಿಚ್ಚಿ. ಮೇಲೆ ಸೆಕೆಂಡಿನ ಮುಳ್ಳು, ಅದರ ಕೆಳಗೆ ನಿಮಿಷದ್ದು, ಎಲ್ಲಕ್ಕಿಂತ ಕೆಳಗೆ ಗಂಟೆಯದ್ದು ಇರುತ್ತದೆ. ಮೇಲಿನ ಎರಡನ್ನು ಮೆಲ್ಲಗೆ ಎತ್ತಿ ತೆಗೆದು ಡಬ್ಬಿಯಲ್ಲಿಡಿ (ಕೆಲವದರಲ್ಲಿ ಒಂದು ಪುಟ್ಟ ನಟ್ ಇರುತ್ತದೆ, ಅದನ್ನು ಕಳೆದುಕೊಳ್ಳಬೇಡಿ). ಚಿಕ್ಕ ಮುಳ್ಳೊಂದೇ ಉಳಿದ ಗಡಿಯಾರ ಸರಿಯಾಗಿಯೇ ನಡೆಯುತ್ತದೆ. ಅದನ್ನು ಮಗುವಿನ ಕಣ್ಣಿನ ಎತ್ತರಕ್ಕೆ ಅಡುಗೆಮನೆಯಲ್ಲಿ ನೇತುಹಾಕಿ. ಒಂದು ಅಂಕಿಯಿಂದ ಮುಂದಿನ ಅಂಕಿಯವರೆಗಿನ ಜಾಗಕ್ಕೆ ಒಂದೊಂದು ಬಣ್ಣ ಹಚ್ಚಲು ಅವಳಿಗೇ ಕೊಡಿ. 7ರಿಂದ 8ರವರೆಗೆ ಏಳರ ಮನೆ, 8ರಿಂದ 9ರವರೆಗೆ ಎಂಟರ ಮನೆ. ಆಮೇಲೆ ಕೇಳುವುದು ಇಷ್ಟೇ: ಮುಳ್ಳು ಯಾರ ಮನೆಯಲ್ಲಿದೆ? ಈಗ ತಾನೇ ಒಳಗೆ ಬಂತಾ, ನಡುಮನೆಯಲ್ಲಿದೆಯಾ, ಹೊರಡುವ ಹೊತ್ತಾ? ಮೂರು ವಾರ ಬೇರೆ ಏನೂ ಕಲಿಸಬೇಡಿ. ಹೊಸಿಲ ಹತ್ತಿರ ಬಂದರೂ ಏಳರ ಮನೆ ಏಳರದ್ದೇ ಅಂತ ಅವಳ ಬಾಯಿಂದಲೇ ಬಂದ ದಿನ 7.50ರ ತೊಂದರೆ ಮುಗಿಯಿತು.

ಇಲ್ಲಿ ನಮ್ಮ ಕನ್ನಡ ತುಂಬ ಸಹಾಯ ಮಾಡುತ್ತದೆ. ಏಳೂ ಕಾಲು, ಏಳೂವರೆ, ಏಳೂ ಮುಕ್ಕಾಲು, ಮೂರೂ ಏಳರಿಂದಲೇ ಶುರು. ಶಾಲೆಯ ಇಂಗ್ಲಿಷ್ ಪುಸ್ತಕದಲ್ಲಿ ಏಳೂ ಮುಕ್ಕಾಲಿಗೆ 'ಕ್ವಾರ್ಟರ್ ಟು ಏಯ್ಟ್' ಅಂತ ಎಂಟರ ಹೆಸರು ಬರುತ್ತದೆ, ಮಗುವಿಗೆ ಗೊಂದಲ ಆಗದೆ ಇನ್ನೇನು. ಮನೆಮಾತಿನ ಲೆಕ್ಕ ಗಟ್ಟಿಯಾದ ಮೇಲೆ ಅದನ್ನು ಕಲಿತರೆ ಸಾಕು. ಕಾಲು, ಅರ್ಧ, ಮುಕ್ಕಾಲು ತೋರಿಸಲು ಬೆಳಗಿನ ಅಕ್ಕಿ ರೊಟ್ಟಿಯನ್ನು ನಾಲ್ಕು ತುಂಡು ಮಾಡಿ.

ಕನ್ನಡದಲ್ಲಿ ಒಂದು ತೊಡಕೂ ಇದೆ. 'ಎರಡು ಗಂಟೆ' ಅಂದರೆ ಮಧ್ಯಾಹ್ನದ ಎರಡೂ ಹೌದು, ಎರಡು ಗಂಟೆಯ ಅವಧಿಯೂ ಹೌದು. 'ಮಡಿಕೇರಿಗೆ ಒಂದು ಗಂಟೆ' ಅಂದರೆ ಒಂದು ಗಂಟೆಗೆ ಹೊರಡುವುದಾ, ಒಂದು ಗಂಟೆ ಬೇಕಾಗುವುದಾ? ಕಲಿಯುವ ತಿಂಗಳಲ್ಲಿ ಅವಧಿಗೆ 'ಒಂದು ಗಂಟೆ ಹೊತ್ತು' ಅಂತಲೇ ಹೇಳಿ. ಹೊತ್ತು ಎಷ್ಟು ಉದ್ದ ಅನ್ನುವುದು ಮೈಗೂ ತಿಳಿಯಬೇಕು. ಕಡಂಬುಟ್ಟು (ಅಕ್ಕಿ ತರಿಯ ಉಂಡೆ) ಹಬೆಗೆ ಇಟ್ಟಾಗ, ಕುಕ್ಕರ್ ಕೂಗುವಾಗ, ಬಸ್ಸಿಗೆ ಕಾಯುವಾಗ ಮೊದಲು ಊಹಿಸಲಿ, ಆಮೇಲೆ ಗಡಿಯಾರ ನೋಡಲಿ.

ನಿಮಿಷದ ಮುಳ್ಳಿಗೆ ಗಡಿಬಿಡಿ ಬೇಡ. ಐದರ ಮಗ್ಗಿ ಬಾಯಿಗೆ ಬಂದ ಮೇಲೆ ದೊಡ್ಡ ಅಡಿಕೆ ಹಾಳೆ ತಟ್ಟೆಯೊಂದನ್ನು ನೆಲದ ಮೇಲಿಟ್ಟು ಸುತ್ತ 60 ಒಣ ಕಾಫಿ ಚೆರ್ರಿ ಜೋಡಿಸಲು ಹೇಳಿ, ಐದೈದರ ಗುಂಪಾಗಿ. ಹನ್ನೆರಡು ಗುಂಪಾಗುತ್ತದೆ, ಒಂದೊಂದು ಗುಂಪು ಮುಗಿಯುವಲ್ಲಿ ಒಂದೊಂದು ಅಂಕಿ. 3ರ ಹತ್ತಿರ ಮುಳ್ಳು ಬಂದರೆ 15 ಯಾಕೆ ಅನ್ನುವುದು ಬೆರಳಿಟ್ಟು ಎಣಿಸಿದಾಗ ತಾನಾಗಿ ಹೊಳೆಯುತ್ತದೆ. ಮುಳ್ಳಿಗೆ ಬಿದಿರಿನ ಸೀಳು, ಮಧ್ಯಕ್ಕೆ ಶರ್ಟಿನ ಗುಂಡಿ ಹೊಲಿದರೆ ಚೆನ್ನಾಗಿ ತಿರುಗುತ್ತದೆ. ತೆವಳುವ ಮಗು ಮನೆಯಲ್ಲಿದ್ದರೆ ಚೆರ್ರಿ ಬೇಡ, ಬಾಯಿಗೆ ಹಾಕಿಕೊಳ್ಳುತ್ತದೆ. ಸೀಮೆಸುಣ್ಣದ ಗೆರೆ ಎಳೆಯಿರಿ. ಇದೆಲ್ಲ ಆದ ಮೇಲೆ ಡಬ್ಬಿಯಲ್ಲಿಟ್ಟ ದೊಡ್ಡ ಮುಳ್ಳನ್ನು ಅವಳ ಕೈಯಿಂದಲೇ ಗಡಿಯಾರಕ್ಕೆ ಹಾಕಿಸಿ.

ಈಗ ಮಳೆ ಬಿಟ್ಟಿದೆ, ಇನ್ನೇನು ಕಣದಲ್ಲಿ ಕಾಫಿ ಹರಡುವ ಕಾಲ. ನನಗೆ ತುಂಬ ಇಷ್ಟದ ಚಟುವಟಿಕೆ ಇದು: ಕಣದ ಮೂಲೆಯಲ್ಲಿ ಒಂದು ಕೋಲು ನೆಟ್ಟಗೆ ನಿಲ್ಲಿಸಿ, ಬೆಳಿಗ್ಗೆ 8ರಿಂದ ಗಂಟೆಗೊಮ್ಮೆ ನೆರಳಿನ ತುದಿಗೆ ಒಂದು ಕಲ್ಲು ಇಡಿಸಿ. ಹೇಗೂ ಗಂಟೆಗೊಮ್ಮೆ ಕಾಫಿ ಕೆದಕಬೇಕಲ್ಲ, ಎರಡೂ ಕೆಲಸಕ್ಕೆ ಹೊತ್ತು ನೋಡಿ ದೊಡ್ಡವರನ್ನು ಕರೆಯುವುದು ಅವಳ ಜವಾಬ್ದಾರಿ. ಬೆಳಿಗ್ಗೆ ಪಶ್ಚಿಮಕ್ಕೆ ಬಿದ್ದ ನೆರಳು ಉತ್ತರವನ್ನು ಬಳಸಿ ಸಂಜೆ ಪೂರ್ವಕ್ಕೆ ಬರುತ್ತದೆ. ಗಡಿಯಾರದ ಮುಳ್ಳು ತಿರುಗುವುದೂ ಅದೇ ದಿಕ್ಕಿಗೆ! ಇದನ್ನು ಕಂಡಾಗ ಮಕ್ಕಳ ಮುಖ ನೋಡಬೇಕು ನೀವು.

ಆದರೆ ನೆರಳು ಅತಿ ಗಿಡ್ಡ ಆಗುವುದು ಸರಿಯಾಗಿ 12ಕ್ಕಲ್ಲ, 'ಗಡಿಯಾರ ಕೆಟ್ಟಿದೆಯಾ' ಅಂತ ಕೇಳಿಯೇ ಕೇಳುತ್ತಾಳೆ. ನಮ್ಮ ದೇಶಕ್ಕೆಲ್ಲ ಒಂದೇ ಸಮಯ, ಅದು 82.5 ಡಿಗ್ರಿ ಪೂರ್ವ ರೇಖಾಂಶದ್ದು. ಮಡಿಕೇರಿ ಇರುವುದು 75.7ರ ಹತ್ತಿರ. ಒಂದು ಡಿಗ್ರಿ ದಾಟಲು ಸೂರ್ಯನಿಗೆ 4 ನಿಮಿಷ, ಹಾಗಾಗಿ ನಮ್ಮ ನೆತ್ತಿಗೆ ಸರಾಸರಿ 27 ನಿಮಿಷ ತಡವಾಗಿ ಬರುತ್ತಾನೆ. ಋತುವಿಗೆ ತಕ್ಕಂತೆ ಅದೂ ಬದಲಾಗುತ್ತದೆ: ನವೆಂಬರ್ ಮೊದಲಲ್ಲಿ 12.10ರ ಸುಮಾರಿಗೆ, ಫೆಬ್ರವರಿ ಮಧ್ಯದಲ್ಲಿ 12.40ರ ಸುಮಾರಿಗೆ. ಆರು ವರ್ಷದವಳಿಗೆ 'ಸೂರ್ಯ ಪೂರ್ವದ ಊರುಗಳನ್ನು ನೋಡಿಕೊಂಡು ನಮ್ಮಲ್ಲಿಗೆ ಬರುತ್ತಾನೆ' ಅಂದರೆ ಸಾಕು. ಈ ಆಟವನ್ನು ಮಾರ್ಚ್ ಒಳಗೆ ಮುಗಿಸಿ. ಏಪ್ರಿಲ್ ಕೊನೆಯ ಹೊತ್ತಿಗೆ ಮಧ್ಯಾಹ್ನದ ಸೂರ್ಯ ನಮ್ಮ ಉತ್ತರಕ್ಕೆ ದಾಟಿ ನೆರಳು ದಕ್ಷಿಣಕ್ಕೆ ಬೀಳಲು ಶುರುವಾಗುತ್ತದೆ, ದಿಕ್ಕು ಉಲ್ಟಾ ಆಗುತ್ತದೆ. ಜೂನ್ ಬಂದರೆ ಸೂರ್ಯನೇ ಕಾಣುವುದಿಲ್ಲ.

ನಿಮ್ಮ ಮನೆಯಲ್ಲಿ ಹುತ್ತರಿ (ಕೊಡಗಿನ ಸುಗ್ಗಿ ಹಬ್ಬ) ಮಾಡುತ್ತೀರಾದರೆ ಇನ್ನೊಂದು ಅವಕಾಶ ಇದೆ. ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ಮುಹೂರ್ತ ನಿಗದಿಯಾಗಿ ಪತ್ರಿಕೆಯಲ್ಲಿ ಬಂದ ದಿನ ಅವಳಿಗೆ ಮೂರು ಹಾಳೆ ತಟ್ಟೆ ಕೊಡಿ: ನೆರೆ (ಎಲೆಗಳ ಕಟ್ಟು) ಕಟ್ಟುವುದಕ್ಕೆ ಒಂದು, ಕದಿರು (ಹೊಸ ಭತ್ತದ ತೆನೆ) ತೆಗೆಯುವುದಕ್ಕೆ ಒಂದು, ಊಟಕ್ಕೆ ಒಂದು. ಮುಳ್ಳುಗಳನ್ನು ಅವಳೇ ಕೂರಿಸಿ ಗೋಡೆಗೆ ತೂಗುಹಾಕಲಿ. ಆ ರಾತ್ರಿ ಗೋಡೆ ಗಡಿಯಾರವೂ ತಟ್ಟೆಯೂ ಒಂದೇ ಥರ ಆದಾಗ, ಗದ್ದೆಗೆ ಹೊರಡುವ ಹೊತ್ತಾಯಿತು ಅಂತ ಮನೆಯವರಿಗೆಲ್ಲ ಅವಳೇ ಹೇಳಲಿ.