ಜಮೀನೇ ಇಲ್ಲದ ಕೂಲಿಯಾಳಿನ ಬದುಕನ್ನು ಎಲ್ಲಿ ಹುಡುಕುವುದು?

ನಿಮ್ಮ ತಾತನ ತಾತ ಹಳೇ ಮೈಸೂರು ಕಡೆಯ ಹಳ್ಳಿಯಲ್ಲಿ ಕೂಲಿನಾಲಿ ಮಾಡಿಕೊಂಡಿದ್ದರು, ಹೆಸರೊಂದನ್ನು ಬಿಟ್ಟರೆ ಬೇರೇನೂ ಗೊತ್ತಿಲ್ಲ, ಎಲ್ಲಿಂದ ಆರಂಭಿಸಲಿ ಎಂದು ಕೇಳಿದ್ದೀರಿ. ನಾನೂ ಇದೇ ಹುಡುಕಾಟದಲ್ಲಿ ಮೂರು ವರ್ಷ ಸವೆಸಿದವನು. ಮೊದಲ ಎರಡು ವರ್ಷ ಹೆಸರನ್ನು ಹಿಡಿದುಕೊಂಡು ಅಲೆದೆ. ಏನೂ ಸಿಗಲಿಲ್ಲ. ಅವರು ಊರಿನಲ್ಲಿ ಮಾಡುತ್ತಿದ್ದ ಚಾಕರಿ ಯಾವುದೆಂದು ತಿಳಿದ ಮೇಲೆ ದಾರಿ ಕಂಡಿತು.

ಮೈಸೂರು ಸೀಮೆಯಲ್ಲಿ ಸರ್ವೆ ಸೆಟ್ಲ್‌ಮೆಂಟ್, ಅಂದರೆ ಜಮೀನು ಅಳೆದು ಕಂದಾಯ ಗೊತ್ತುಮಾಡುವ ಕೆಲಸ, ಆರಂಭವಾದದ್ದು 1863ರಲ್ಲಿ. ಆ ದಾಖಲೆಗಳಿಗೆ ಬೇಕಾಗಿದ್ದದ್ದು ಕಂದಾಯ ಕಟ್ಟುವವನ ಹೆಸರು. ಅವನ ಹೊಲ ಉಳುತ್ತಿದ್ದ ಜೀತದಾಳಿನ ಹೆಸರು ಊರ ಲೆಕ್ಕ ಬರೆಯುವ ಶಾನುಭೋಗರಿಗೆ ಯಾಕೆ ಬೇಕು? 1871ರ ಜನಗಣತಿಯೂ ತಲೆ ಎಣಿಸಿತೇ ಹೊರತು ನಮ್ಮಂಥವರ ಹೆಸರನ್ನು ಮುಂದಿನವರಿಗೆ ಉಳಿಸಲಿಲ್ಲ.

ನಮ್ಮದನ್ನು ಊರಿನವರು ‘ತೂಬಿನ ಮನೆ’ ಎನ್ನುತ್ತಿದ್ದರು. ಮನೆ ಕೆರೆಯ ಹತ್ತಿರ ಇದ್ದುದಕ್ಕೆ ಹಾಗೆ ಕರೆಯುತ್ತಾರೆ ಎಂದುಕೊಂಡಿದ್ದೆ. ಒಂದು ದಿನ ಸೋದರತ್ತೆ ಅವರೆಕಾಯಿ ಸುಲಿಯುತ್ತಾ, “ತೂಬು ಎತ್ತುತ್ತಿದ್ದದ್ದು ನಮ್ಮವರೇ ಅಲ್ಲವೇನೋ, ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಆಯ ತರುತ್ತಿದ್ದರಂತೆ” ಎಂದರು. ಅಂದರೆ ನೀರಗಂಟಿ. ಕೆರೆಯ ತೂಬು ತೆರೆದು, ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿಯಂತೆ ನೀರು ಬಿಡುವವರು. ಕೂಲಿಯೆಂದು ರೈತರು ಕಣದಲ್ಲಿ ಅಳೆದು ಕೊಡುತ್ತಿದ್ದ ಕಾಳು, ಜೊತೆಗೆ ಚಾಕರಿಗಾಗಿ ಬಿಟ್ಟುಕೊಟ್ಟ ಒಂದು ತುಂಡು ಇನಾಂ ಜಮೀನು. ಊರ ಚಾಕರಿ, ಕಾವಲು ಮಾಡುತ್ತಿದ್ದ ತೋಟಿ, ತಳವಾರರಿಗೂ ಹೀಗೆಯೇ ಇತ್ತು.

ಇಲ್ಲಿ ಕಾನೂನೊಂದು ನಮ್ಮ ನೆರವಿಗೆ ಬರುತ್ತದೆ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರಲ್ಲಿ ಜಾರಿಗೆ ಬಂದಾಗ ಪಟೇಲ, ಶಾನುಭೋಗರಿಂದ ಹಿಡಿದು ನೀರಗಂಟಿಯವರೆಗೆ ವಂಶಪಾರಂಪರ್ಯದ ಹುದ್ದೆಗಳೆಲ್ಲ ಹೋದವು. ಚಾಕರಿಯ ಜಮೀನನ್ನು ಆ ಮನೆತನಕ್ಕೇ ಮರುಮಂಜೂರು ಮಾಡಿಸಿಕೊಳ್ಳಲು ಅವಕಾಶವಿತ್ತು. ಎಲ್ಲರೂ ‘ರೀಗ್ರಾಂಟ್’ ಎನ್ನುವುದು ಇದನ್ನೇ. ಅರ್ಜಿ ಹಾಕಿದವರು ತಾವು ಯಾರ ಮೊಮ್ಮಕ್ಕಳು ಎಂದು ತೋರಿಸಬೇಕಾಗುತ್ತಿತ್ತು. ಹಾಗಾಗಿ ಹತ್ತೊಂಬತ್ತನೆಯ ಶತಮಾನದ ಆಳುಗಳ ಹೆಸರು 1960ರ ದಶಕದ ಕಡತಗಳಲ್ಲಿ ಕುಳಿತಿವೆ.

ನಮ್ಮ ಕಡತ ಸಿಕ್ಕಿದ್ದು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ, ನಾಲ್ಕನೆಯ ಸಲ ಹೋದಾಗ. ಬಿಳಿ ದಾರದಲ್ಲಿ ಹೊಲಿದ ಹನ್ನೊಂದು ಹಾಳೆ, ಅಂಚೆಲ್ಲ ಗೆದ್ದಲು ತಿಂದಿತ್ತು. ಮೂರನೆಯ ಹಾಳೆಯಲ್ಲಿ ನೀಲಿ ಶಾಯಿಯ ವಂಶವೃಕ್ಷ. ಮೇಲ್ತುದಿಯಲ್ಲಿ ತಾತನ ತಾತ, ಹೆಸರಿನ ಮುಂದೆ ‘ನೀರಗಂಟಿ, ಫೌತಿ’, ಅಂದರೆ ತೀರಿಕೊಂಡವರು. ಕೆಳಗೆ ಗಂಡುಮಕ್ಕಳು ಮಾತ್ರ. ಸೋದರತ್ತೆಗೆ ತೋರಿಸಿದಾಗ “ನಾವೆಲ್ಲ ಮೋಡದಿಂದ ಉದುರಿದೆವೇನೋ” ಎಂದು ನಕ್ಕರು. ಕೊನೆಯಲ್ಲಿ ನಮ್ಮ ತಾತನ ಎಡಗೈ ಹೆಬ್ಬೆಟ್ಟು. ಜಮೀನು 14 ಗುಂಟೆ ತರಿ, ಅಂದರೆ ನೀರಾವರಿಯ ಗದ್ದೆ. ಅದರ ಸರ್ವೆ ನಂಬರ್ ಹಿಡಿದು ಹಿಂದಿನ ಸರ್ವೆ ಪುಸ್ತಕಗಳ ನಕಲಿಗೆ ಅರ್ಜಿ ಹಾಕಬಹುದು. ಒಂದು ಎಚ್ಚರಿಕೆ: ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿಯಿಂದ ಒಂದೇ ಹೆಸರು ತಲೆ ಬಿಟ್ಟು ತಲೆಗೆ ಬರುತ್ತದೆ. ಪುಸ್ತಕದ ವರ್ಷ ನೋಡದೆ ಇವರೇ ಅವರು ಎಂದು ತೀರ್ಮಾನಿಸಬೇಡಿ.

ವಯಸ್ಸು ತಿಳಿಯಲು ಮನೆಯ ಮಾತುಗಳಲ್ಲಿ ಸಂವತ್ಸರದ ಹೆಸರು ಇದೆಯೇ ನೋಡಿ. “ಧಾತು ಬರದಲ್ಲಿ ಅವರ ತಂಗಿ ಮಣ್ಣು ಹೊರುವ ಕೆಲಸಕ್ಕೆ ಹೋದವಳು ತಿರುಗಿ ಬರಲೇ ಇಲ್ಲ, ಆಗ ಅವರಿಗೆ ಮೀಸೆ ಚಿಗುರುವ ವಯಸ್ಸು” ಎಂಬ ಮಾತು ನಮ್ಮಲ್ಲಿತ್ತು. ಧಾತು ಎಂದರೆ 1876–77, ಮುಂದಿನದು ಈಶ್ವರ. ಆ ಎರಡು ವರ್ಷಗಳ ಬರ ಸಂಸ್ಥಾನವನ್ನೇ ನುಂಗಿತು. 1871ರಲ್ಲಿ ಸುಮಾರು 50 ಲಕ್ಷವಿದ್ದ ಜನಸಂಖ್ಯೆ 1881ರ ಹೊತ್ತಿಗೆ 42 ಲಕ್ಷಕ್ಕೆ ಇಳಿದಿತ್ತು. ಅಲ್ಲಿಗೆ ನಮ್ಮವರು ಹುಟ್ಟಿದ್ದು 1860ರ ಆಸುಪಾಸು ಎಂದಾಯಿತು. ಆದರೆ ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಮರಳುತ್ತದೆ, 1936ರಲ್ಲೂ ಧಾತು ಬಂದಿತ್ತು. ಬರದ ಮಾತು ಜೊತೆಗಿದ್ದರೆ ಮಾತ್ರ ನಂಬಿ.

ನಿಮ್ಮವರಿಗೆ ಊರ ಚಾಕರಿ ಇರದೆ ಬರೀ ಜೀತವೇ ಆಗಿದ್ದರೆ ಕೆಲಸ ಕಷ್ಟ. ಆಗ ಧಣಿಯ ಮನೆಯ ಹಳೆಯ ಸಾಲಪತ್ರ, ಲೆಕ್ಕದ ಪುಸ್ತಕಗಳೇ ಗತಿ. ಕೇಳಿದವರೆಲ್ಲ ತೋರಿಸುವುದಿಲ್ಲ, ನನಗೆ ಒಬ್ಬರು ಕಾಫಿ ಕೊಟ್ಟು ಕಳಿಸಿದರು, ಪುಸ್ತಕ ತೋರಿಸಲಿಲ್ಲ. ನಿಮ್ಮ ಮನೆತನಕ್ಕೆ ಹೆಳವರು ಬರುತ್ತಿದ್ದರೇ ಎಂದೂ ವಿಚಾರಿಸಿ. ಎತ್ತಿನ ಮೇಲೆ ಊರೂರು ತಿರುಗಿ ವಂಶಾವಳಿ ಹೇಳುವ ಅವರಲ್ಲಿ ಕೆಲವರು ಈಗಲೂ ತಲೆಮಾರುಗಳ ಪುಸ್ತಕ ಇಟ್ಟುಕೊಂಡಿದ್ದಾರೆ.

ಕಚೇರಿಗೆ ಹೋಗುವ ಮುನ್ನ ಮನೆಯ ಅತ್ಯಂತ ಹಿರಿಯ ಹೆಂಗಸಿನ ಹತ್ತಿರ ಕುಳಿತು, ಸುಗ್ಗಿಯಲ್ಲಿ ನಿಮ್ಮ ಮನೆಗೆ ಕಾಳು ಎಲ್ಲಿಂದ ಬರುತ್ತಿತ್ತು ಎಂದು ಕೇಳಿ. ಅವರು ಹೇಳಿದ್ದನ್ನು, ಹೋಬಳಿಯ ಹೆಸರಿನ ಜೊತೆ ಇಲ್ಲಿ ಬರೆದರೆ ಯಾವ ಕಡತ ಕೇಳಬೇಕೆಂದು ತಿಳಿಸುತ್ತೇನೆ.