ಕೊಕ್ಕು ಕತ್ತರಿಸುವ ಮೊದಲು ಬೆನ್ನು ನೋಡಿ

ಆರಿದ್ರಾ ಮಳೆ ಹಿಡಿಯಿತು ಎಂದರೆ ನನ್ನ ಫೋನಿಗೆ ಕೋಳಿ ಬೆನ್ನಿನ ಫೋಟೋಗಳು ಬರಲು ಶುರು. ಪುಕ್ಕ ಕಿತ್ತುಹೋದ ಬೆನ್ನು, ರಕ್ತ ಒಸರುವ ಬಾಲದ ಬುಡ. ಕೆಳಗೆ ಒಂದೇ ಸಾಲು: "ಡಾಕ್ಟ್ರೇ, ಬೇರೆ ಕೋಳಿಗಳು ಕುಕ್ತಾ ಇವೆ, ಏನು ಹಚ್ಚಬೇಕು?" ಸಾಗರದಿಂದ ಬರುತ್ತದೆ, ಹೊಸನಗರದಿಂದ ಬರುತ್ತದೆ, ಶಿವಮೊಗ್ಗ ಪೇಟೆಯಲ್ಲಿ ತಾರಸಿ ಮೇಲೆ ನಾಲ್ಕು ಕೋಳಿ ಸಾಕಿದವರಿಂದಲೂ ಬರುತ್ತದೆ. ಮಾರಾಯ್ರೇ, ಹಚ್ಚುವುದು ಕೊನೆಯ ಕೆಲಸ. ಪ್ರತಿ ವರ್ಷ ಹೇಳುತ್ತೇನೆ, ಪ್ರತಿ ವರ್ಷ ಅದೇ ಪ್ರಶ್ನೆ. ಅದಕ್ಕೇ ಈ ಸಲ ಒಂದು ಪತ್ರಕ್ಕೆ ಪೂರ್ತಿ ಉತ್ತರ ಬರೆಯುತ್ತಿದ್ದೇನೆ. ಉಳಿದವರಿಗೆ ಜಾಗ ಕಮ್ಮಿ, ಬೇಜಾರು ಮಾಡಿಕೊಳ್ಳಬೇಡಿ. ಕೋಳಿಗೆ ನೀರಿಡಬೇಕು, ಸಂಜೆ ಬಾಗಿಲು ಹಾಕಬೇಕು ಎಂಬುದನ್ನೆಲ್ಲ ನಾನು ಹೇಳಬೇಕಾಗಿಲ್ಲ.

ಪ್ರಶ್ನೆ: ನಮ್ಮಲ್ಲಿ 10 ಹೇಂಟೆ, 1 ಹುಂಜ ಇವೆ. ಹೇಂಟೆಗಳಲ್ಲಿ 6 ಗಿರಿರಾಜ (ಹೆಚ್ಚು ತೂಗುವ ಸುಧಾರಿತ ತಳಿ), 4 ನಾಟಿ. ಹುಂಜವೂ ಗಿರಿರಾಜವೇ. ಮಳೆ ಶುರುವಾದ ಮೇಲೆ ಗೂಡಿನಿಂದ ಹೊರಗೆ ಬಿಟ್ಟಿಲ್ಲ. ಗೂಡು 6 ಅಡಿ ಉದ್ದ, 4 ಅಡಿ ಅಗಲ. ಅನ್ನ, ನುಚ್ಚು, ತೌಡು ಹಾಕುತ್ತೇವೆ. ಒಂದು ನಾಟಿ ಹೇಂಟೆಯನ್ನು ಉಳಿದವೆಲ್ಲ ಸೇರಿ ಕುಕ್ಕಿ ಬೆನ್ನು ಬೋಳು ಮಾಡಿವೆ. ನಿನ್ನೆಯಿಂದ ರಕ್ತವೂ ಬರುತ್ತಿದೆ. ಅದನ್ನು ತೆಗೆದು ಬೇರೆ ಇಟ್ಟಿದ್ದೇನೆ. ಎಲ್ಲದರ ಕೊಕ್ಕು ಕತ್ತರಿಸಿಬಿಡಿ ಎಂದು ಪಕ್ಕದ ಮನೆಯವರು ಹೇಳುತ್ತಾರೆ. ಕತ್ತಿ ಕಾಯಿಸಿ ಮಾಡಿಕೊಡುವವರು ಒಬ್ಬರಿದ್ದಾರಂತೆ. ಕರೆಸಲಾ? (ತೀರ್ಥಹಳ್ಳಿ ಕಡೆಯ ಓದುಗರು)

ಉತ್ತರ: ಕರೆಸಬೇಡಿ.

ಕೊಕ್ಕು ಎಂದರೆ ಉಗುರಿನ ಹಾಗೆ, ಕತ್ತರಿಸಿದರೆ ನೋವಾಗಲ್ಲ ಎಂದು ಆತ ಹೇಳುತ್ತಾನೆ. ಶುದ್ಧ ಸುಳ್ಳು. ಕೊಕ್ಕಿನ ತುದಿಯಲ್ಲಿ ನರವೂ ಇದೆ, ರಕ್ತವೂ ಇದೆ. ಕೋಳಿ ಕಾಳು ಆರಿಸುವುದು ಆ ತುದಿಯಿಂದಲೇ. ಮೊಟ್ಟೆ ಫಾರಂಗಳಲ್ಲಿ ಮಾಡುತ್ತಾರಲ್ಲ ಎಂದು ಕೇಳಬಹುದು. ಅಲ್ಲಿ ಮರಿಗೆ ಒಂದೆರಡು ವಾರ ಆಗುವುದರೊಳಗೆ, ಅದಕ್ಕೆಂದೇ ಇರುವ ಯಂತ್ರದಲ್ಲಿ ಮಾಡುತ್ತಾರೆ. ಅದೂ ನನಗೆ ಹಿಡಿಸುವುದಿಲ್ಲ. ಬೆಳೆದ ಹೇಂಟೆಗೆ ಹುಲ್ಲು ಕೊಯ್ಯುವ ಕತ್ತಿ ಕಾಯಿಸಿ ಮಾಡುವುದು ಬೇರೆಯೇ ಮಾತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬರ ಒತ್ತಾಯಕ್ಕೆ ನಾನೂ ಒಂದು ಕೋಳಿಯ ಕೊಕ್ಕು ಕತ್ತರಿಸಿದ್ದೆ. ಆಮೇಲೆ ಅದು ಕಾಳಿನ ಮುಂದೆ ನಿಂತು, ಕುಕ್ಕಲು ಹೋಗಿ, ತಲೆ ಹಿಂದಕ್ಕೆ ಎಳೆದುಕೊಳ್ಳುತ್ತಿತ್ತು. ಮತ್ತೆ ಕುಕ್ಕಲು ಹೋಗುತ್ತಿತ್ತು, ಮತ್ತೆ ಎಳೆದುಕೊಳ್ಳುತ್ತಿತ್ತು. ಆರನೇ ದಿನ ಸತ್ತಿತು. ಆ ಮೇಲೆ ಯಾರು ಕೇಳಿದರೂ ನಾನು ಮಾಡಿಕೊಟ್ಟಿಲ್ಲ.

ಈಗ ನೀವು ಕಳಿಸಿದ ಫೋಟೋ ನೋಡೋಣ. ಕೋಳಿ ಎಲ್ಲಿ ಬೋಳಾಗಿದೆ ಎಂಬುದರಲ್ಲೇ ಮುಕ್ಕಾಲು ಉತ್ತರ ಇರುತ್ತದೆ. ಕುತ್ತಿಗೆಯಿಂದ ಶುರುವಾಗಿ, ರಕ್ತವಿಲ್ಲದೆ, ಒಳಗಿಂದ ಮುಳ್ಳಿನಂಥ ಎಳೆ ಪುಕ್ಕ ಕಾಣುತ್ತಿದ್ದರೆ ಅದು ಪುಕ್ಕ ಉದುರಿಸುವ ಕಾಲ. ವರ್ಷಕ್ಕೊಮ್ಮೆ ಆಗುತ್ತದೆ, ಮೊಟ್ಟೆಯೂ ನಿಲ್ಲುತ್ತದೆ, ಸುಮ್ನೆ ಬಿಡಿ. ಮೊಟ್ಟೆ ಬರುವ ಜಾಗದ ಸುತ್ತ ಬೋಳಾಗಿ, ಪುಕ್ಕದ ಬುಡದಲ್ಲಿ ಬೂದಿ ಅಂಟಿದ ಹಾಗಿದ್ದರೆ ಹೇನು. ನಿಮ್ಮದು ಎರಡೂ ಅಲ್ಲ. ನಿಮ್ಮ ಹೇಂಟೆಗೆ ಎರಡು ರೆಕ್ಕೆಗಳ ನಡುವೆ, ಬೆನ್ನಿನ ಮೇಲ್ಭಾಗದಲ್ಲಿ ಅಂಗೈಯಗಲ ಬೋಳಾಗಿದೆ. ಸುತ್ತಲಿನ ಪುಕ್ಕಗಳು ಬುಡಸಮೇತ ಕಿತ್ತಿಲ್ಲ, ಸವೆದ ಹಿಡಿಕಡ್ಡಿಯ ಹಾಗೆ ಮೊಂಡಾಗಿ ಮುರಿದಿವೆ. ಎರಡೂ ಪಕ್ಕೆಯಲ್ಲಿ ಗೀರು. ಇದು ಕೊಕ್ಕಿನ ಕೆಲಸ ಅಲ್ಲ, ಹುಂಜದ ಕಾಲಿನ ಕೆಲಸ. ರಕ್ತ ಇರುವುದು ಇನ್ನೊಂದು ಕಡೆ, ಬಾಲದ ಬುಡದಲ್ಲಿ. ಅದು ಕೊಕ್ಕಿನದ್ದು.

ಅಂದರೆ ಶುರು ಮಾಡಿದ್ದು ಹುಂಜ, ಮುಂದುವರಿಸಿದ್ದು ಹೇಂಟೆಗಳು. ಗಿರಿರಾಜ ಹುಂಜ ನಾಲ್ಕು ಕಿಲೋ ತೂಗುತ್ತದೆ. ನಾಟಿ ಹೇಂಟೆ ಒಂದೂವರೆ ಕಿಲೋ ಇದ್ದರೆ ಹೆಚ್ಚು. ಹತ್ತು ಹೇಂಟೆಗೆ ಒಂದು ಹುಂಜ ಎಂಬ ಲೆಕ್ಕ ತಪ್ಪಲ್ಲ. ಆದರೆ ಅಂಗಳದಲ್ಲಾದರೆ ಹೇಂಟೆ ಓಡಿ ಬೇಲಿ ನುಸಿಯುತ್ತದೆ. 6 ಅಡಿ ಗೂಡಿನಲ್ಲಿ ಎಲ್ಲಿಗೆ ಓಡಬೇಕು? ಮತ್ತೆ ಮತ್ತೆ ಅದನ್ನೇ ತುಳಿದು ಪುಕ್ಕ ಮುರಿದಿದೆ. ಹೊಸ ಪುಕ್ಕ ಮೊಳೆಯುವಾಗ ಅದರ ದಂಟಿನೊಳಗೆ ರಕ್ತ ಇರುತ್ತದೆ. ಯಾವುದೋ ಒಂದು ಹೇಂಟೆ ಅದನ್ನು ಕುಕ್ಕಿ ಮುರಿದಿದೆ. ಕೆಂಪು ಕಂಡರೆ ಕೋಳಿ ಕುಕ್ಕುತ್ತದೆ. ಒಂದು ಕುಕ್ಕಿದ್ದನ್ನು ನೋಡಿ ಇನ್ನೊಂದು ಕಲಿಯುತ್ತದೆ. ಅದರಲ್ಲಿ ದ್ವೇಷ ಇಲ್ಲ, ಯಾರ ದೃಷ್ಟಿಯೂ ಇಲ್ಲ.

ಕೋಳಿಗಳಲ್ಲಿ ಮೇಲು ಕೀಳು ಮೊದಲಿನಿಂದಲೂ ಇದೆ. ಯಾವುದು ಯಾವುದನ್ನು ಕುಕ್ಕಬಹುದು ಎಂಬ ಸರದಿಯನ್ನು ಗುರುತಿಸಿ 1921ರಲ್ಲಿ ಮೊದಲು ಬರೆದವರು ನಾರ್ವೆ ದೇಶದ ಥಾರ್ಲೈಫ್ ಶೆಲ್ಡೆರುಪ್-ಎಬ್ಬೆ. ನಮ್ಮಜ್ಜಿಯನ್ನು ಕೇಳಿದ್ದರೆ ಅವರೂ ಹೇಳುತ್ತಿದ್ದರು, ಬರೆದಿಡಲಿಲ್ಲ ಅಷ್ಟೆ. ಈ ಸರದಿ ಇದ್ದರೇನೇ ಗೂಡು ಶಾಂತ. ತಲೆ ಮೇಲೆ ಒಂದು ಸಲ ಕುಕ್ಕಿ ಬಿಟ್ಟರೆ ನೀವು ನಡುವೆ ಹೋಗಬೇಡಿ. ರಕ್ತ ಬಂದರೆ ಮಾತ್ರ ಹೋಗಿ.

ಮೊದಲು ಹುಂಜವನ್ನು ತೆಗೆಯಿರಿ. ಆ ಬೆನ್ನಿಗೆ ಪುಕ್ಕ ಬರುವವರೆಗೆ ಬೇರೆ ಇರಲಿ, ಮೊಟ್ಟೆಗೇನೂ ಆಗಲ್ಲ. ಆಮೇಲೆ ಗೂಡಿನ ಮುಂದೆ ಒಂದು ಮಣೆ ಹಾಕಿಕೊಂಡು ಅರ್ಧ ಗಂಟೆ ಮಾತಾಡದೆ ಕೂತುಕೊಳ್ಳಿ. ಮೊಬೈಲ್ ಒಳಗಿಟ್ಟು ಬನ್ನಿ. "ಎಲ್ಲವೂ ಸೇರಿ ಕುಕ್ತವೆ" ಎಂದು ನೀವು ಬರೆದಿದ್ದೀರಿ. ನಾನು ಕೂತು ನೋಡಿದ ಗೂಡುಗಳಲ್ಲಿ ಹೆಚ್ಚಾಗಿ ಒಂದೋ ಎರಡೋ ಇರುತ್ತವೆ. ಕೊಪ್ಪದ ಹತ್ತಿರ ಒಂದು ಮನೆಯಲ್ಲಿ ಹೀಗೇ ಕೂತಿದ್ದೆ. ಒಂದು ಕಂದು ಹೇಂಟೆ ತಟ್ಟೆಯ ಪಕ್ಕ ನಿಂತುಬಿಟ್ಟಿತ್ತು. ತಾನು ತಿನ್ನುತ್ತಿರಲಿಲ್ಲ, ಕಾವಲು. ಸಣ್ಣ ಹೇಂಟೆ ಗೋಡೆಗುಂಟ ಬಂದು ಕತ್ತು ಚಾಚಿದ ಕೂಡಲೇ ಬಾಲದ ಬುಡಕ್ಕೆ ಒಂದು. ಇಪ್ಪತ್ತು ನಿಮಿಷದಲ್ಲಿ ಹನ್ನೊಂದು ಸಲ ಎಣಿಸಿದೆ. ಉಳಿದ ಏಳು ಕೋಳಿ ತಮ್ಮ ಪಾಡಿಗೆ ತಾವಿದ್ದವು.

ಅಂಥದ್ದನ್ನು ಹಿಡಿದು ಹೊರಗೆ ಹಾಕಿ. ನೀವು ಏಟು ತಿಂದದ್ದನ್ನು ಹೊರಗೆ ಹಾಕಿದ್ದೀರಿ. ರಕ್ತ ನಿಲ್ಲುವವರೆಗೆ ಅದೂ ಬೇಕು, ಸರಿ. ಆದರೆ ಹೊಡೆದದ್ದು ಒಳಗೇ ಉಳಿದರೆ ಅದರ ದರ್ಬಾರು ಇನ್ನೂ ಗಟ್ಟಿಯಾಗುತ್ತದೆ. ಹದಿನೈದು ದಿನ ಬಿಟ್ಟು ಸಣ್ಣ ಹೇಂಟೆ ವಾಪಸ್ ಬಂದರೆ ಹೊಸ ಕೋಳಿ ಬಂದ ಹಾಗೆ ಮೇಲೆ ಬೀಳುತ್ತವೆ. ಜಗಳಗಂಟಿಯನ್ನು ಒಂದು ವಾರ ಕಣ್ಣಿಗೆ ಬೀಳದ ಕಡೆ ಹೆಡಿಗೆ ಮುಚ್ಚಿಯೋ ಪಂಜರದಲ್ಲೋ ಇಡಿ. ಅಷ್ಟರಲ್ಲಿ ಒಳಗಿನ ಸರದಿ ಬದಲಾಗಿರುತ್ತದೆ, ವಾಪಸ್ ಬಂದಾಗ ಅದೇ ಹೊಸಬಳು. ಏಟು ತಿಂದದ್ದನ್ನು ಮಾತ್ರ ಉಳಿದವಕ್ಕೆ ಕಾಣುವ ಹಾಗೆ ಜಾಲರಿಯ ಆಚೆ ಇಡಿ, ಮುಖ ಮರೆಯಬಾರದು.

ಇನ್ನು ಜಾಗ. 6 ಗುಣಿಸು 4, ಒಟ್ಟು 24 ಚದರ ಅಡಿಯಲ್ಲಿ 11 ಕೋಳಿ. ತಲೆಗೆ ಎರಡು ಚದರ ಅಡಿಗಿಂತ ಚೂರು ಹೆಚ್ಚು, ಅಷ್ಟೆ. ರಾತ್ರಿ ಮಲಗಲು ಸಾಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬದುಕಲು ಸಾಲದು. ಮೊದಲೆಲ್ಲ ಮಳೆಗಾಲದಲ್ಲಿ ಕೋಳಿಗಳು ದನದ ಕೊಟ್ಟಿಗೆಯಲ್ಲಿ ಕೆದಕಿಕೊಂಡು ಇರುತ್ತಿದ್ದವು. ಈಗ ದನ ಇಲ್ಲ, ಕೊಟ್ಟಿಗೆ ಜಾಗದಲ್ಲಿ ಕಾರು ನಿಂತಿದೆ. ನಿಮ್ಮಲ್ಲಿ ಸೌದೆ ಕೊಟ್ಟಿಗೆ ಇದ್ದೇ ಇರುತ್ತದೆ ಅಲ್ವಾ? ಅದರ ಒಂದು ಮೂಲೆಗೆ ಬಲೆ ಕಟ್ಟಿ ಹಗಲು ಅಲ್ಲಿ ಬಿಡಿ. ನೆಲಕ್ಕೆ ಬತ್ತದ ಹೊಟ್ಟು, ಒಣ ದರಗು ನಾಲ್ಕು ಬೆರಳು ದಪ್ಪ ಹಾಕಿ, ಮೇಲೆ ಒಂದು ಹಿಡಿ ಕಾಳು ಎರಚಿ. ದಿನವಿಡೀ ಕೆದಕಲು ಕೆಲಸ ಸಿಕ್ಕರೆ ಪಕ್ಕದವಳ ಬೆನ್ನಿನ ಸುದ್ದಿಗೆ ಹೋಗುವುದಿಲ್ಲ. ಅಡಿಕೆ ಹಾಳೆ ನಾಲ್ಕೈದನ್ನು ನೆಲದಿಂದ ಒಂದು ಗೇಣು ಮೇಲೆ ಅಲ್ಲಲ್ಲಿ ನೇತುಹಾಕಿ. ಓಡಿ ಬಂದ ಕೋಳಿ ಅದರ ಹಿಂದೆ ಹೋಗಿ ನಿಂತರೆ ಅಟ್ಟಿಸಿಕೊಂಡು ಬಂದದ್ದು ಮರೆತು ಹೋಗುತ್ತದೆ. ಇದನ್ನು ನಾನು ಕಲಿತದ್ದು ಕಾಲೇಜಿನಲ್ಲಿ ಅಲ್ಲ, ಮತ್ತೂರಿನ ದಾರಿಯಲ್ಲಿರುವ ಒಂದು ತೋಟದ ಮನೆಯ ಅಮ್ಮನಿಂದ. ಬಾಳೆದಿಂಡು, ಪಪ್ಪಾಯಿ ಸೊಪ್ಪು ಕೂಡ ಕಟ್ಟಿ, ಕುಕ್ಕಲಿ. ತೋಟಕ್ಕೇ ಬಿಡುವುದಾದರೆ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆದ ದಿನ ಬೇಡ, ಮೈಲುತುತ್ತದ ನೀರು ನಿಂತ ಗುಂಡಿಯಲ್ಲಿ ಕುಡಿದುಬಿಡುತ್ತವೆ.

ಗೂಡಿನೊಳಗೆ ಕೋಳಿಯ ಎತ್ತರಕ್ಕೆ ಕುಕ್ಕರುಗಾಲಿನಲ್ಲಿ ಕೂತು ಒಂದು ಸಲ ಉಸಿರೆಳೆಯಿರಿ. ಕಣ್ಣುರಿ ಬಂದರೆ ಅವಕ್ಕೂ ಬಂದಿದೆ ಎಂದೇ ಅರ್ಥ. ಒದ್ದೆ ಹೊಟ್ಟು ತೆಗೆದು ತೋಟದ ಗೊಬ್ಬರದ ಗುಂಡಿಗೆ ಹಾಕಿ. ಇನ್ನು ಹಾವಿನ ಹೆದರಿಕೆಗೆ ರಾತ್ರಿ ಇಡೀ ಬಲ್ಬ್ ಉರಿಸುವವರು ಬಹಳ ಜನ. ಆರಿಸಿ. ಬೆಳಕು ಜಾಸ್ತಿಯಾದಷ್ಟೂ ಕುಕ್ಕಾಟ ಜಾಸ್ತಿ. ಹಾವಿಗೆ ಬೇಕಾದದ್ದು ಸಣ್ಣ ಕಣ್ಣಿನ ಜಾಲರಿ, ಬಲ್ಬ್ ಅಲ್ಲ.

ಆಹಾರದ್ದು ದೊಡ್ಡ ತಪ್ಪು. ಪುಕ್ಕದ ಒಣ ತೂಕದಲ್ಲಿ 85%ಕ್ಕಿಂತ ಹೆಚ್ಚು ಪ್ರೋಟೀನ್. ನುಚ್ಚಿನಲ್ಲಿ 7–8%, ತೌಡಿನಲ್ಲಿ 12–13%. ಅಂಗಳದಲ್ಲಿದ್ದಾಗ ಹುಳ, ಒರಲೆ, ಸೊಪ್ಪು ತಿಂದು ಸರಿಮಾಡಿಕೊಳ್ಳುತ್ತಿದ್ದವು. ನೀವು ಬಾಗಿಲು ಹಾಕಿದಿರಿ, ಹುಳ ನಿಂತಿತು, ಅನ್ನ ಮಾತ್ರ ಉಳಿಯಿತು. ಆಗ ಪಕ್ಕದ ಕೋಳಿಯ ಪುಕ್ಕವನ್ನೇ ಕಿತ್ತು ನುಂಗುತ್ತವೆ. 16–18% ಪ್ರೋಟೀನ್ ಇರುವ ಲೇಯರ್ ಫೀಡ್ (ಮೊಟ್ಟೆ ಕೋಳಿಗೆಂದೇ ಮಾಡಿದ ಆಹಾರ) ತನ್ನಿ, ಅದೇ ಮುಖ್ಯ ಊಟವಾಗಲಿ, ಅನ್ನ ಬಾಯಿರುಚಿಗೆ ಮಾತ್ರ. ಕಡಲೆ ಹಿಂಡಿ ಹಾಕುವವರು ಮಳೆಗಾಲದಲ್ಲಿ ಮೂಸಿ ನೋಡಿ ಹಾಕಿ, ಬೂಷ್ಟು ಹಿಡಿದದ್ದು ವಿಷ. ಒಣಮೀನು ಒಳ್ಳೆಯದು ಎಂದು ಉಪ್ಪುಮೀನನ್ನು ಹಾಗೇ ಸುರಿಯಬೇಡಿ, ಉಪ್ಪು ಹೆಚ್ಚಾದರೆ ಕೋಳಿ ಸಾಯುತ್ತದೆ. ತಟ್ಟೆ ಎರಡು ಇರಲಿ, ಎರಡು ಮೂಲೆಯಲ್ಲಿ. ಒಂದೇ ಹೇಂಟೆಗೆ ಎರಡು ಕಡೆ ಕಾವಲು ನಿಲ್ಲಲು ಆಗಲ್ಲ.

ಈಗ ಹಚ್ಚುವ ವಿಷಯ. ಗಾಯ ಉಪ್ಪುನೀರಲ್ಲಿ ತೊಳೆದು, ಒರೆಸಿ, ಅರಿಶಿನ ಕಲಸಿದ ಬೇವಿನ ಎಣ್ಣೆ ಹಚ್ಚಿ. ಆ ಕಹಿ ಬೇರೆಯವಕ್ಕೆ ಹಿಡಿಸಲ್ಲ, ನೊಣವೂ ಕೂರಲ್ಲ. ಮಳೆಗಾಲದಲ್ಲಿ ನೊಣ ಕೂತರೆ ಎರಡು ದಿನದಲ್ಲಿ ಹುಳ ಬೀಳುತ್ತದೆ. ಹುಳ ಬಿದ್ದಿದ್ದರೆ, ಚರ್ಮ ಹರಿದು ಮಾಂಸ ಕಾಣುತ್ತಿದ್ದರೆ ಫೋಟೋ ಕಳಿಸಬೇಡಿ. ಕೋಳಿಯನ್ನು ಚೀಲಕ್ಕೆ ಹಾಕಿಕೊಂಡು ಹತ್ತಿರದ ಪಶು ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಗಾಯಕ್ಕೆ ಮೆಣಸಿನ ಪುಡಿ ಹಚ್ಚಿದರೆ ಬೇರೆ ಕೋಳಿ ಕುಕ್ಕಲ್ಲ ಅಂತ ವಾಟ್ಸಾಪ್‌ನಲ್ಲಿ ಬಂದಿದೆ. ನಿಜವೇ?

ಉತ್ತರ: ಸೂಜಿಮೆಣಸಿನ ಗಿಡಕ್ಕೆ ಪಿಕಳಾರ ಬಂದು ಹಣ್ಣು ನುಂಗುವುದನ್ನು ನೋಡಿಲ್ವಾ? ಹಕ್ಕಿಗಳಿಗೆ ಮೆಣಸಿನ ಖಾರ ತಾಗುವುದಿಲ್ಲ. ಕಳಿಸಿದವರಿಗೆ ಇದನ್ನು ವಾಪಸ್ ಕಳಿಸಿ. ಸೀಮೆಎಣ್ಣೆ ಹಚ್ಚುವವರಿಗೆ ಬೇರೆ ಮಾತು: ಅದನ್ನು ಮೊದಲು ನಿಮ್ಮ ಮೊಣಕೈ ಗಾಯಕ್ಕೆ ಹಚ್ಚಿ ನೋಡಿ.

ಪ್ರಶ್ನೆ: ಸಂತೆಯಿಂದ ತಂದ ಹೊಸ ಹೇಂಟೆಯನ್ನು ರಾತ್ರಿ ಗೂಡಿಗೆ ಬಿಟ್ಟರೆ ಬೆಳಿಗ್ಗೆ ಹಳೆಯವು ಗುರುತು ಹಿಡಿಯಲ್ವಂತೆ?

ಉತ್ತರ: ಬೆಳಕು ಹರಿದ ಕೂಡಲೇ ಹಿಡಿಯುತ್ತವೆ. ಸಂತೆ ಕೋಳಿ ಜೊತೆ ಕೊಕ್ಕರೆ ರೋಗವೂ (ರಾಣಿಖೇತ್) ಬರಬಹುದು. ಮೂರು ವಾರ ದೂರ ಇಡಿ, ಆಮೇಲೆ ಒಂದು ವಾರ ಜಾಲರಿಯ ಆಚೆ. ಒಂಟಿಯಾಗಿ ತರಬೇಡಿ, ಎರಡು ತನ್ನಿ.

ಪ್ರಶ್ನೆ: ನಮ್ಮ ಹೇಂಟೆ ಹುಂಜದ ಹಾಗೆ ಕೂಗುತ್ತೆ. ಮನೆಗೆ ಅಪಶಕುನ, ಕೊಟ್ಟುಬಿಡಿ ಅಂತಾರೆ.

ಉತ್ತರ: ಕೋಳಿಗೆ ಕೆಲಸ ಮಾಡುವುದು ಎಡಗಡೆಯ ಅಂಡಾಶಯ ಒಂದೇ. ಅದು ಕೆಟ್ಟರೆ ಹೇಂಟೆ ಹೀಗೆ ಕೂಗಬಹುದು. ಹುಂಜ ಇಲ್ಲದ ಗೂಡಿನ ಯಜಮಾನಿಯೂ ಕೂಗುತ್ತಾಳೆ. ಶಕುನದವರಿಗೆ ಬೇಕಾದದ್ದು ನಿಮ್ಮ ಕೋಳಿ.

ಪ್ರಶ್ನೆ: ಕೋಳಿಗೆ ಹಾಕುವ ಪ್ಲಾಸ್ಟಿಕ್ ಕನ್ನಡಕ ತರಿಸಲಾ?

ಉತ್ತರ: ಬೇಡ. ಕೆಲವನ್ನು ಮೂಗಿಗೆ ಕಡ್ಡಿ ಚುಚ್ಚಿ ಹಾಕಬೇಕು. ಆ ದುಡ್ಡಿಗೆ ಫೀಡ್ ತನ್ನಿ.

ಪ್ರಶ್ನೆ: ಕುಕ್ಕುವ ಹೇಂಟೆಯನ್ನು ಎರಡು ಸಲ ಬೇರೆ ಇಟ್ಟಾಯಿತು, ಬುದ್ಧಿ ಬಂದಿಲ್ಲ. ಸಾರು ಮಾಡಿಬಿಡಲಾ?

ಉತ್ತರ: ಮಾಡಿ, ಕಡುಬಿನ ಜೊತೆ ಚೆನ್ನಾಗಿರುತ್ತದೆ. ಹೇನಿಗೋ ಜಂತುಹುಳಕ್ಕೋ ಇತ್ತೀಚೆಗೆ ಔಷಧಿ ಕೊಟ್ಟಿದ್ದರೆ ಎಷ್ಟು ದಿನ ಬಿಟ್ಟು ತಿನ್ನಬೇಕೆಂದು ಕೊಟ್ಟವರನ್ನು ಕೇಳಿ. ಮಸಾಲೆ ಅರೆಯುವ ಮೊದಲು ಗೂಡಿಗೆ ಹೋಗಿ ತಟ್ಟೆ ಎಷ್ಟಿವೆ ಎಂದೂ ಎಣಿಸಿ. ಒಂದೇ ಇದ್ದರೆ ಬರುವ ವಾರ ಇನ್ನೊಂದು ಹೇಂಟೆ ಅದೇ ಜಾಗದಲ್ಲಿ ಕಾವಲು ನಿಂತಿರುತ್ತದೆ.