'ಕುಲುಮೆ' ಪದದ ಅರ್ಥವೇನು? ಇದು ಸಂಸ್ಕೃತದ 'ಕುಲ'ದಿಂದ ಬಂದಿದೆಯೇ?

ಇಲ್ಲ, 'ಕುಲ'ಕ್ಕೂ ಇದಕ್ಕೂ ಸಂಬಂಧ ಇಲ್ಲ. ಕುಲುಮೆ ನಮ್ಮದೇ ದ್ರಾವಿಡ ಪದ.

ನಾನು ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನವನು. ನಮ್ಮ ಕಡೆ ಮನೆ 'ಮನಿ' ಆಗುವ ಹಾಗೆ ಕುಲುಮೆ 'ಕುಲುಮಿ' ಆಗುತ್ತದೆ. ಬಿತ್ತನೆಗೆ ಮುಂಚೆ ಅಪ್ಪ ನನ್ನ ಹೆಗಲಿಗೆ ಕುಡ ಹೊರಿಸಿ, "ಕುಲುಮಿಗೆ ಹೋಗಿ ಹಣಿಸ್ಕೊಂಡ ಬಾ" ಅಂತ ಕಳಿಸುತ್ತಿದ್ದರು. ಕುಡ ಅಂದರೆ ನೇಗಿಲ ತುದಿಯ ಕಬ್ಬಿಣ. ಅದನ್ನು ಕಾಯಿಸಿ, ಬಡಿದು ಚೂಪು ಮಾಡುವುದೇ ಹಣಿಯುವುದು. ಆಗ ದುಡ್ಡು ಕೊಡುತ್ತಿರಲಿಲ್ಲ. ರಾಶಿ ಆದ ಮೇಲೆ ಕಂಬಾರ ಕಾಕಾನ ಮನೆಗೆ ಆಯದ ಜೋಳ ಹೋಗುತ್ತಿತ್ತು.

ನನ್ನ ಪಾಲಿಗೆ ಕುಲುಮಿ ಅಂದರೆ ಆ ಇಡೀ ತಗಡಿನ ಚಪ್ಪರ. ಆದರೆ ಪದ ಹುಟ್ಟಿದ್ದು ಚಪ್ಪರಕ್ಕಲ್ಲ, ಒಳಗಿನ ಬೆಂಕಿ ಗುಂಡಿಗೆ. ಗಾಳಿ ಊದುವ ತಿದಿ ಒತ್ತಿದಾಗ ಇದ್ದಲು ಕೆಂಪಗೆ ಉರಿಯುತ್ತದಲ್ಲ, ಆ ಗುಂಡಿಗೆ. ಕಿಟ್ಟೆಲ್ ಅವರ 1894ರ ನಿಘಂಟಿನಲ್ಲೂ ಅರ್ಥ ಅದೇ. ಆಮೇಲೆ ಗುಂಡಿಯ ಹೆಸರೇ ಕೆಲಸದ ಜಾಗಕ್ಕೂ ಬಂತು.

ಹಳೆಯ ರೂಪ ಕೊಲಿಮೆ. ಮುಂದಿನ ಅಕ್ಷರದಲ್ಲಿ ಇ ಅಥವಾ ಉ ಇದ್ದರೆ, ಹಿಂದಿನ ಒ ಕನ್ನಡದಲ್ಲಿ ಉ ಆಗುವುದುಂಟು. ತಮಿಳು, ತೆಲುಗಿನ 'ಪೊಡಿ' ನಮ್ಮಲ್ಲಿ 'ಪುಡಿ' ಅಲ್ವಾ? ಹಾಗೇ ಕೊಲಿಮೆ ಕುಲಿಮೆಯಾಗಿ, ಕುಲುಮೆಯಾಯಿತು. ತೆಲುಗಿನವರು ಇವತ್ತಿಗೂ 'ಕೊಲಿಮಿ' ಅನ್ನುತ್ತಾರೆ. ತಮಿಳಿನಲ್ಲಿ 'ಕೊಲ್' ಅಂದರೆ ಕಬ್ಬಿಣದ ಕೆಲಸ, 'ಕೊಲ್ಲನ್' ಅಂದರೆ ಕಂಬಾರ. ಮಲಯಾಳದಲ್ಲೂ ಅವನು ಕೊಲ್ಲನ್. ದೂರದ ಮಧ್ಯ ಭಾರತದ ಗೋಂಡಿ ಭಾಷೆಯಲ್ಲೂ ಇದೇ ಬೇರಿನ ಪದಗಳಿವೆ.

ನನ್ನ ಮನಸ್ಸಿಗೆ ಜಾಸ್ತಿ ಹತ್ತಿರವಾದದ್ದು ನೀಲಗಿರಿಯ ಕೋತರ ಮಾತು. ಕಬ್ಬಿಣದ ಕೆಲಸಕ್ಕೆ ಹೆಸರಾದ ಜನ ಅವರು. ಅವರ ಭಾಷೆಯಲ್ಲಿ 'ಕೊಲೇಲ್' ಅಂದರೆ ಕುಲುಮೆಯೂ ಹೌದು, ಊರ ಗುಡಿಯೂ ಹೌದು! ಅದನ್ನು ಓದಿದಾಗ ಅಪ್ಪ ನೆನಪಾದರು. ಕುಲುಮಿಯಲ್ಲಿ ಕಾದ ಕಬ್ಬಿಣ ಇಟ್ಟು ಬಡಿಯುವ ಅಡಿಗಲ್ಲಿಗೆ ನನ್ನ ಕಾಲು ತಾಗಿದರೆ ಗದರಿ, ಕೈ ಮುಗಿಸುತ್ತಿದ್ದರು.

ಇನ್ನು 'ಕಂಬಾರ' ಪದ. ಅದು ಮಾತ್ರ ಹೊರಗಿನಿಂದ ಬಂದದ್ದು. ಸಂಸ್ಕೃತದ ಕರ್ಮಾರ ಪ್ರಾಕೃತದಲ್ಲಿ ಕಮ್ಮಾರವಾಯಿತು. ನಮ್ಮಲ್ಲಿ ಕಮ್ಮಾರ, ಕಂಬಾರ ಎರಡೂ ಉಳಿದವು. ಬೆಳಗಾವಿ ಜಿಲ್ಲೆಯ ಘೋಡಗೇರಿಯ ಚಂದ್ರಶೇಖರ ಕಂಬಾರರ ಅಡ್ಡಹೆಸರು ಇದೇ ಪದ.